ಮಹದೇವಪ್ಪನವರ ಪಕ್ಕೆಗೆ ಬಿದ್ದ ನನ್ನ ಮೊಣಕೈ

ಒಂದು ಸಂಬಳ ಸಾಲದ ಮನೆಗಳಲ್ಲಿ ಹೆಂಗಸರು ಕೈಲಾದ ಇನ್ನೊಂದು ಕೆಲಸ ಹಿಡಿಯುವುದು ನಮ್ಮ ಮೈಸೂರಿನಲ್ಲಿ ಹೊಸದೇನಲ್ಲ. ಒಬ್ಬರು ಸೀರೆಗೆ ಕುಚ್ಚು ಕಟ್ಟುತ್ತಾರೆ, ಒಬ್ಬರು ಕೋಡುಬಳೆ ಮಾಡಿ ಅಂಗಡಿಗೆ ಹಾಕುತ್ತಾರೆ, ಮತ್ತೊಬ್ಬರು ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಎಲ್ಲವೂ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ತಲೆಯೆತ್ತಿ ಹೇಳಿಕೊಳ್ಳಬಹುದಾದ ಕೆಲಸಗಳು. ನನ್ನದು ಹಾಗಲ್ಲ. ಹಗಲು ಒಂದು ಕಾಲೇಜಿನ ಆಫೀಸಿನಲ್ಲಿ ಕೂತು ಮಕ್ಕಳ ಅಂಕಪಟ್ಟಿಗೆ ಸೀಲು ಒತ್ತುವ ನಾನು, ಸಂಜೆ ಹಿನಕಲ್‌ನ ಹಿಟ್ಟಿನ ಮಿಲ್ಲೊಂದರ ಮೇಲಿನ ಹಾಲ್‌ನಲ್ಲಿ ಹೆಂಗಸರಿಗೆ ಕರಾಟೆ ಕಲಿಸುತ್ತೇನೆ.

ಈ ವಿದ್ಯೆಯನ್ನು ನಾನು ಆಸೆಪಟ್ಟು ಕಲಿತವಳೂ ಅಲ್ಲ. ಅಪ್ಪ ನನ್ನ ಅಣ್ಣನನ್ನು ಕರಾಟೆಗೆ ಸೇರಿಸಿದ್ದರು. ಅವನು ಮೊದಲನೇ ದಿನವೇ ಮೂಗಿಗೆ ಪೆಟ್ಟು ತಿಂದು ಬಂದು, ಇನ್ನು ಆ ಕಡೆ ತಲೆಯಿಟ್ಟೂ ಮಲಗುವುದಿಲ್ಲ ಎಂದುಬಿಟ್ಟ. ಹೊಲಿಸಿದ ಬಟ್ಟೆ ದಂಡವಾಗಬಾರದೆಂದು ಅಪ್ಪ ಅದರ ತೋಳು ಮಡಿಸಿ ನನಗೆ ತೊಡಿಸಿ ಕಳಿಸಿದರು. ನಾನು ಹೇಳಿದ್ದನ್ನು ಮಾಡುವ ಹುಡುಗಿ. ಕಪ್ಪು ಬೆಲ್ಟು ಬರುವವರೆಗೂ ಮಾಡಿದೆ. ಮದುವೆಯಾದ ಮೇಲೆ ಆ ಬೆಲ್ಟು ಅಟ್ಟದ ಮೇಲಿನ ಹಾಸಿಗೆ ಸುತ್ತಿ ಕಟ್ಟಲು ಬಹಳ ವರ್ಷ ಉಪಯೋಗಕ್ಕೆ ಬಂತು. ಮಗಳು ಇಂಜಿನಿಯರಿಂಗ್ ಸೇರಿದ ವರ್ಷ ನಾನೇ ಅಟ್ಟ ಹತ್ತಿ ಅದನ್ನು ಬಿಚ್ಚಿಕೊಂಡು ಬಂದೆ. ನಮ್ಮ ಅತ್ತೆ ಮಾತ್ರ ಬೀದಿಯಲ್ಲೆಲ್ಲ "ನಮ್ಮ ಸೊಸೆ ಯೋಗ ಹೇಳ್ಕೊಡ್ತಾಳೆ" ಎಂದು ಸಾರಿಕೊಂಡು ಬಂದರು. ನಾನೂ ಅಲ್ಲವೆನ್ನಲಿಲ್ಲ.

ನನ್ನ ಶಿಷ್ಯೆಯರು ಬಹಳ ಒಳ್ಳೆಯವರು. ಒಳ್ಳೆಯತನವೇ ತೊಂದರೆ. ಗುದ್ದುವ ಮುಂಚೆ ಬಳೆ ತೆಗೆದಿಡುತ್ತಾರೆ, ಗುದ್ದಿದ ಮೇಲೆ "ನೋವಾಯ್ತೇನ್ರೀ?" ಎಂದು ಎದುರಿನವರ ಕೈ ನೀವುತ್ತಾರೆ. ಅವರಿಗೆ ರೋಷ ಬರಿಸಲೆಂದು ನಾನು ಗಟ್ಟಿಯಾಗಿ ಹೇಳುತ್ತಿದ್ದೆ: "ಹಿಂದಿನಿಂದ ಯಾರಾದರೂ ಭುಜ ಮುಟ್ಟಿದರೆ ಯೋಚನೆ ಮಾಡಬೇಡಿ. ಮೊದಲು ಮೊಣಕೈ, ಯೋಚನೆ ಆಮೇಲೆ!" ಹೇಳುವ ನಾನು ಜೀವಮಾನದಲ್ಲಿ ಗಾಳಿ ಮತ್ತು ದಿಂಬು ಬಿಟ್ಟು ಇನ್ನಾರಿಗೂ ಹೊಡೆದವಳಲ್ಲ. ಮನೆಯಲ್ಲಿ ಜಿರಲೆ ಬಂದರೆ ನಮ್ಮೆಜಮಾನರನ್ನು ಕೂಗುತ್ತೇನೆ.

ಕಳೆದ ಗೌರಿ ಹಬ್ಬದ ಹಿಂದಿನ ದಿನ ಅಗ್ರಹಾರದ ಮಾರ್ಕೆಟ್ಟಿಗೆ ಹೂವು, ಬಾಳೆಲೆ ತರಲು ಹೋಗಿದ್ದೆ. ಹಬ್ಬದ ಜನ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಸ್ಕೂಟರಿನ ಮುಂದೆ ಎಲೆಯ ಕಟ್ಟಿಟ್ಟುಕೊಂಡು, ಕೂತು, ಕೀ ತಿರುಗಿಸುವಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಭುಜ ಹಿಡಿದು ಎಳೆಯಿತು. ಆಮೇಲಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ಆಗಿಹೋಯಿತು ಎನ್ನಬೇಕು. ಮೊಣಕೈ ತಾನಾಗಿ ಹಿಂದಕ್ಕೆ ಹೋಯಿತು. ಗಂಟಲಿನಿಂದ, ಕ್ಲಾಸಿನಲ್ಲಿ ಗುದ್ದುವಾಗ ಕೂಗುವ ಕೂಗೂ ಹೊರಟಿತು. ಇಳಿದು ತಿರುಗಿ ನೋಡುತ್ತೇನೆ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಪಕ್ಕೆ ಹಿಡಿದುಕೊಂಡು ಮಾವಿನ ಸೊಪ್ಪಿನ ರಾಶಿಯ ಮೇಲೆ ಕೂತಿದ್ದಾರೆ. ಉಸಿರು ಸಿಗದೆ ಬೆರಳು ಮಾಡಿ ತೋರಿಸಿದರು.

"ವೇಲು... ವೇಲು ಕಣಮ್ಮ... ಚಕ್ರಕ್ಕೆ..."

ನೋಡಿದೆ. ನನ್ನ ಚೂಡಿದಾರದ ವೇಲಿನ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಗಾಡಿ ಒಂದು ಮಾರು ಮುಂದೆ ಹೋಗಿದ್ದರೂ ನನ್ನ ಕುತ್ತಿಗೆಯ ಗತಿ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಆದರೆ ಇದೆಲ್ಲ ಗೊತ್ತಾಗಿದ್ದು ನಮ್ಮಿಬ್ಬರಿಗೆ ಮಾತ್ರ. ಸುತ್ತಲಿನವರು ನೋಡಿದ್ದು, ಒಬ್ಬ ಗಂಡಸು ಒಬ್ಬ ಹೆಂಗಸಿನ ಮೈಮೇಲೆ ಕೈಹಾಕಿದ್ದನ್ನು. ಹೂ ಮಾರುತ್ತಿದ್ದ ಹೆಂಗಸು ಎದ್ದು ನಿಂತು, "ಬುಡ್ಬ್ಯಾಡಿ ಅಕ್ಕ, ಇನ್ನೊಂದು ಆಕಿ! ವಯಸ್ಸಾದ್ರೂ ಬುದ್ಧಿ ಬರ್ನಿಲ್ಲ ಇವುಕ್ಕೆ" ಎಂದಳು. ಇಬ್ಬರು ಗಂಡಸರು ಬಂದು ಅವರ ಜುಬ್ಬದ ಕೊರಳಪಟ್ಟಿ ಹಿಡಿದು ಎಬ್ಬಿಸಿದರು. ಆ ಹಿರಿಯರು ಅವರ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು.

ಇಲ್ಲಿಯವರೆಗೆ ನಗುತ್ತ ಹೇಳಿದೆ. ಇನ್ನು ಮುಂದಿನದನ್ನು ಹೇಳಲು ಮುಖವಿಲ್ಲ. ನಾನು ಆ ಕ್ಷಣ ಬಾಯಿ ಬಿಡಲಿಲ್ಲ. "ಮೇಡಂ ಶಭಾಷ್" ಎನ್ನುತ್ತಿರುವ ಅಷ್ಟು ಜನರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಒಬ್ಬ ಕೈ ಎತ್ತಿದ್ದನ್ನು ಕಂಡ ಮೇಲೆಯೇ ನಾನು ನಡುವೆ ನುಗ್ಗಿ, "ಬಿಡ್ರೀ ಅವರನ್ನ! ಅವರದೇನೂ ತಪ್ಪಿಲ್ಲ, ನನ್ನ ಜೀವ ಉಳಿಸಿದ್ದು ಅವರು" ಎಂದು ಕಿರುಚಿದ್ದು.

ಗುಂಪಿಗೆ ನಿರಾಸೆಯಾಯಿತು. ಹೂವಿನವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಅಂಗಾದ್ರೆ ಯಾಕವ್ವ ಒಡುದ್ರಿ?"

ನಾನು ಚಕ್ರದಿಂದ ವೇಲು ಬಿಡಿಸಿಕೊಂಡು, ಗಾಡಿಯನ್ನು ಅಲ್ಲೇ ನಿಲ್ಲಿಸಿದೆ. ಆ ಹಿರಿಯರನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಮೂಳೆ ಮುರಿದಿಲ್ಲ, ಊತ ಅಷ್ಟೇ ಎಂದರು ಡಾಕ್ಟರು. "ಏನಾಯ್ತು, ಬಿದ್ರಾ?" ಎಂದು ಕೇಳಿದಾಗ ಹಿರಿಯರು ನನ್ನ ಕಡೆ ನೋಡದೆ "ಹೂಂ, ಬಿದ್ದೆ" ಎಂದರು. ಆಗ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೆಸರು ಮಹದೇವಪ್ಪ, ಮನೆ ಕುಂಬಾರಕೊಪ್ಪಲು, ಮೊದಲು ಪಾತ್ರೆ ಅಂಗಡಿ ಇಟ್ಟಿದ್ದರು ಎಂಬುದೆಲ್ಲ ದಾರಿಯಲ್ಲಿ ತಿಳಿಯಿತು.

ಮನೆ ಬಾಗಿಲು ತೆರೆದವರು ಅವರ ಹೆಂಡತಿ ರಾಜಮ್ಮನವರು. ಇನ್ನು ಮುಚ್ಚಿಡಲಾರದೆ, ಹೊಸ್ತಿಲಲ್ಲೇ ನಿಂತು, "ಅಮ್ಮ, ಇವರಿಗೆ ನಾನೇ ಹೊಡೆದುಬಿಟ್ಟೆ" ಎಂದೆ.

ರಾಜಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವಾ? ಇವ್ರಿಗಾ? ಒಳಗ್ ಬನ್ನಿ, ಕೂತ್ಕೊಂಡ್ ಹೇಳಿ" ಎಂದರು.

ಪೂರ್ತಿ ಕೇಳಿ, ಗಂಡನ ಪಕ್ಕೆಗೆ ಬಿಸಿನೀರಿನ ಶಾಖ ಕೊಡುತ್ತ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಮಹದೇವಪ್ಪನವರು ಕಾಫಿ ಕುಡಿದು ನಿಧಾನವಾಗಿ ಹೇಳಿದರು: "ನನ್ದೂ ತಪ್ಪಿದೆ ಬಿಡಿಯಮ್ಮ. ಕೂಗ್ಬೇಕಾಗಿತ್ತು, ಮುಟ್ಬಾರ್ದಾಗಿತ್ತು. ಏಟಿಗೇನೂ ನಂಗೆ ಬೇಜಾರಿಲ್ಲ. ಆದ್ರೆ ಅವ್ರು ನನ್ನ ಹಿಡ್ಕೊಂಡಾಗ ನೀವು ಒಂಚೂರು ಬೇಗ ಬಾಯಿ ಬಿಡ್ಬೋದಾಗಿತ್ತು."

ನನ್ನ ಮೊಣಕೈ ಅವರಿಗೆ ಎಷ್ಟು ಜೋರಾಗಿ ತಗಲಿತ್ತೋ ಗೊತ್ತಿಲ್ಲ. ಆ ಮಾತು ನನಗೆ ಅದಕ್ಕಿಂತ ಜೋರಾಗಿ ತಗಲಿತು. "ತಪ್ಪಾಯ್ತು" ಎಂದೆ.

ಸುದ್ದಿ ನನಗಿಂತ ಮುಂಚೆ ಮನೆ ತಲುಪಿತ್ತು. ಅತ್ತೆ ನಾನು ತಂದ ಬಾಳೆಲೆ ಒರೆಸುತ್ತ, "ಪಕ್ಕೆಲುಬಿಗೆ ಹೊಡ್ಯೋದು ಯಾವ ಆಸನ ಕಣಮ್ಮ?" ಎಂದು ಕೇಳಿದರು. ಇಷ್ಟು ವರ್ಷ ಅವರು ಕಷ್ಟಪಟ್ಟು ಕಾಪಾಡಿದ ನನ್ನ ಯೋಗ ಅವತ್ತಿಗೆ ಮುಗಿಯಿತು. ನಮ್ಮೆಜಮಾನರು ಅಂದಿನಿಂದ ಅಡುಗೆ ಮನೆಗೆ ಬರುವಾಗ ಹಾಲ್‌ನಿಂದಲೇ "ನಾನು ಕಣೇ, ನಾನೇ" ಎಂದು ಕೂಗಿಕೊಂಡು ಬರುತ್ತಾರೆ.

ಇನ್ನು ಕ್ಲಾಸು ಮುಚ್ಚುವುದೇ ಸರಿ ಎಂದು ಹೋದರೆ ಹಾಲ್‌ನಲ್ಲಿ ನಿಲ್ಲಲು ಜಾಗವಿಲ್ಲ. "ಅಗ್ರಹಾರದಲ್ಲಿ ಗಂಡಸನ್ನ ಬೀಳಿಸಿದ ಮಿಸ್ ನೀವೇ ಅಲ್ವಾ?" ಎಂದುಕೊಂಡು ಹೊಸಬರು ಬಂದಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಾರಿಗೂ ಅದು ಬೇಕಾಗಿರಲಿಲ್ಲ. ಆ ವಾರದಿಂದ ಪಾಠ ಬದಲಾಯಿಸಿದೆ: ಮೊದಲು ತಿರುಗಿ ನೋಡಿ, ಆಮೇಲೆ ಮೊಣಕೈ. ಹಳೆಯ ಶಿಷ್ಯೆಯೊಬ್ಬರು, "ತಿರುಗಿ ನೋಡೋಷ್ಟ್ರಲ್ಲಿ ಕಳ್ಳ ಮನೆಗ್ ಹೋಗ್ಬುಟ್ಟಿರ್ತಾನೆ ಮಿಸ್" ಎಂದು ಗೊಣಗಿದರು.

ದಸರಾ ಕಳೆದ ಮೇಲೆ ಒಂದು ಸಂಜೆ ರಾಜಮ್ಮನವರೇ ಮೆಟ್ಟಿಲು ಹತ್ತಿ ಬಂದರು. ಮಹದೇವಪ್ಪನವರು ಕೆಳಗೆ ಮಿಲ್ಲಿನ ಬೆಂಚಿನ ಮೇಲೆ, ಸಾಕಷ್ಟು ದೂರದಲ್ಲಿ, ಕೂತಿದ್ದರು. "ಮಂಡಿ ನೋವು ಕಣಮ್ಮ, ಒದೆಯೋದೆಲ್ಲ ನಂಗಾಗಲ್ಲ. ಅವ್ರಿಗ್ ಹೊಡೆದ್ರಲ್ಲ, ಅದೊಂದ್ ಹೇಳ್ಕೊಡಿ ಸಾಕು" ಎಂದರು ರಾಜಮ್ಮ. ನಾಚಿಕೆಯಿಂದ ಕುಗ್ಗಿಹೋದೆ. ಎಲ್ಲರೂ ಸುತ್ತ ನಿಂತರು. ಇಬ್ಬರು ದಿಂಬು ಹಿಡಿದರು. ನಾನು ಬೆನ್ನು ತಿರುಗಿಸಿ, ಉಸಿರೆಳೆದು, ಮೊಣಕೈ ಬೀಸಿದೆ. ದಿಂಬು ಸುಮ್ಮನೆ ಬುಸ್ಸೆಂದಿತು.

"ಇಷ್ಟೇನಾ?" ಎಂದರು ರಾಜಮ್ಮ.

"ಇಲ್ಲಮ್ಮ, ಅವತ್ತು ಬಹಳ ಚೆನ್ನಾಗಿ ಬಿದ್ದಿತ್ತು" ಎಂದುಬಿಟ್ಟೆ.