ಜಾರದ ಕುರ್ಚಿ

“ಊರುಗೋಲು ಹಿಡ್ಕಂಡವ್ರು ಬಸ್ಸಿಂದ ಇಳಿತ್ರು, ಕರ್ಕಂಡು ಬಾ,” ಎಂದಷ್ಟೇ ಸಹೋದ್ಯೋಗಿ ಪರಿಮಳಾ ಹೇಳಿದ್ದಳು. ಗಡಿಬಿಡಿಯಲ್ಲಿ ಶಾಂತಾರಾಮ ಹೆಸರನ್ನೂ ಕೇಳಿಕೊಳ್ಳಲಿಲ್ಲ.

ಮೊಬೈಲು ಇನ್ನೂ ಪ್ರಿನ್ಸಿಪಾಲರೊಬ್ಬರ ಕೈಯಲ್ಲಷ್ಟೇ ಇದ್ದ ಕಾಲ. ಶಿರಸಿಯ ಆ ಅಲ್ಪಸಂಖ್ಯಾತರ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಶಾಂತಾರಾಮ, ಏರಿನಲ್ಲಿ ಹಿಂದಕ್ಕೆ ಜಾರದ ಗಾಲಿಕುರ್ಚಿಯೊಂದನ್ನು ಕಟ್ಟಿದ್ದ. ಇಂಥ ಕಾಲೇಜುಗಳಲ್ಲಿ ಅಂಗವಿಕಲರ ಪುನರ್ವಸತಿ ಸಂಶೋಧನೆಗೆಂದೇ ದಿಲ್ಲಿಯವರು ಅನುದಾನ ಇಟ್ಟಿದ್ದರು. ಅದನ್ನು ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರು ಅಂದು ಧಾರವಾಡದಿಂದ ಬರುವವರಿದ್ದರು. ಕುರ್ಚಿಯಲ್ಲಿ ಕೂತು ತೋರಿಸಲು ಊರುಗೋಲು ಹಿಡಿದು ನಡೆಯುವ ಗುಡ್ನಾಪುರದ ರೈತ ಪರಮೇಶ್ವರಪ್ಪನವರನ್ನು ಪರಿಮಳಾ ಗೊತ್ತುಮಾಡಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಊರುಗೋಲಿನವರು ಇಳಿದದ್ದೇ ತಡ, ಶಾಂತಾರಾಮ ಅವರನ್ನು ರಿಕ್ಷಾ ಹತ್ತಿಸಿ ಕಾಲೇಜಿನ ಹಿಂದಿನ ಏರಿಗೆ ತಂದ.

“ನಾ ಯಾರಂದ್ರ…”

“ಪರಿಚಯ ಆಮೇಲೆ ಮಾರಾಯ್ರೆ! ಅಧ್ಯಕ್ಷರು ಬರೋದ್ರೊಳಗೆ ಒಂದ್ಸಲ ಕೂತ್ಬಿಡಿ.”

ಅವರು ನಕ್ಕು ಕೂತರು. ಅರ್ಧ ಏರುವಷ್ಟರಲ್ಲಿ ಗಾಲಿ ತಡೆಯುವ ಸ್ಪ್ರಿಂಗ್ ಟಿಕ್ ಎಂದು ಸಡಿಲಿ, ಕುರ್ಚಿ ಹಗ್ಗ ಹರಿದ ಎತ್ತಿನಂತೆ ಹಿಂದಕ್ಕೆ ನುಗ್ಗಿತು. ತಳ್ಳುತ್ತಿದ್ದ ಶಾಂತಾರಾಮ ಏರಿನ ಬುಡದಲ್ಲಿದ್ದ ಕ್ಯಾಂಟೀನಿನ ಮುಸುರೆಗುಂಡಿಗೆ ಬಿದ್ದ. ಕುರ್ಚಿ ಅವನ ಬೆನ್ನಿಗೆ ತಾಗಿ ನಿಂತಿತು.

“ಭಾಳ ಚಲೋ ಆತು! ಸ್ಪ್ರಿಂಗ್ ಬಿಗಿ ಮಾಡ್ರಿ, ಇನ್ನೊಮ್ಮೆ ನೋಡೂಣು,” ಎಂದರು ಕೂತವರು. ಈ ಸಲ ಕುರ್ಚಿ ಜಾರದೆ ತುದಿ ಮುಟ್ಟಿತು.

ಅಷ್ಟರಲ್ಲಿ ಪರಿಮಳಾ ಏದುಸಿರು ಬಿಡುತ್ತ ಓಡಿಬಂದಳು. “ಶಾಂತಾರಾಮಣ್ಣ, ಎಂತ ಮಾಡ್ದ್ಯೋ ಮಾರಾಯ! ಅಧ್ಯಕ್ಷರೂ ಊರುಗೋಲಿನವ್ರೇ ಅಡ! ಒಳಗೆ ಹಾರ ಹಾಕ್ಯಂಡು ಕುಂತವ್ರು ಪರಮೇಶ್ವರಪ್ಪ!”

ಶಾಂತಾರಾಮ ಮುಸುರೆ ಸುರಿಯುವ ಕೈಗಳನ್ನೇ ಮುಗಿದ.

ಎಲ್ಲರೂ ಮುಂಬಾಗಿಲಿಗೆ ಬಂದರೆ, ಅಲ್ಲಿ ಗೌಂಡಿ ಮೆಟ್ಟಿಲು ಒಡೆಯುತ್ತಿದ್ದ. ಬಂದವರೇ ಅಧ್ಯಕ್ಷರೆಂದು ತಿಳಿದು ‘ಕಾಲೇಜಿಗೆ ಏನಾಗಬೇಕು’ ಎಂದು ಪ್ರಿನ್ಸಿಪಾಲ್ ಖತೀಬ್ ಸಾಹೇಬರು ವಿನಯದಿಂದ ಕೇಳಿದ್ದಕ್ಕೆ, “ಮೊದ್ಲ ಆ ಮೆಟ್ಲ ಒಡೀರಿ, ಹತ್ತೂದ್ರಾಗ ಜೀವ ಹೋತು,” ಎಂದಿದ್ದರಂತೆ ಹಾರ ಹಾಕಿಕೊಂಡ ಪರಮೇಶ್ವರಪ್ಪ.

ಅಧ್ಯಕ್ಷರ ಮುಖ ಅರಳಿತು. “ಹೋದ ಕಾಲೇಜಿನಾಗೆಲ್ಲಾ ನನಗ ಗೋಡಂಬಿ ಕೊಟ್ರು. ಕುರ್ಚಿ ಹತ್ತಿಸಿದವ್ರು ನೀವೊಬ್ರ. ಮೆಟ್ಲ ಒಡದವ್ರೂ ನೀವ. ಅನುದಾನ ನಿಮಗ!”

ಕಾಲೇಜಿಗೆ ಕಾಲೇಜೇ ಕೇಕೆ ಹಾಕಿತು. ಖತೀಬ್ ಸಾಹೇಬರು ಶಾಂತಾರಾಮನನ್ನು ಮುಸುರೆ ಸಮೇತ ತಬ್ಬಿಕೊಂಡರು. ಇಷ್ಟು ದೊಡ್ಡ ಯೋಜನೆಗೆ ತಾನೇ ಮುಖ್ಯಸ್ಥ ಎಂದು ಅವನ ಎದೆ ಉಬ್ಬಿತು.

“ಒಂದ ಮಾತು,” ಎಂದರು ಅಧ್ಯಕ್ಷರು. “ಬಳಸಾವ್ರ ಮುಖ್ಯಸ್ಥರಾಗಬೇಕು. ಅಂದ್ರ, ಪರಮೇಶ್ವರಪ್ಪನವರು. ಶಾಂತಾರಾಮ ಸರ್, ನೀವು ಅವರ ಕೈಕೆಳಗ.”

ಹೊಸ ಮುಖ್ಯಸ್ಥರು ಹಾರ ತೆಗೆಯದೆಯೇ ಹಿಂದಿನ ಏರು ಹತ್ತಿ, ತುದಿಯಲ್ಲಿ ನಿಂತಿದ್ದ ಕುರ್ಚಿಯನ್ನು ಬಗ್ಗಿ ನೋಡಿದರು.

“ಹಿಂದಕ್ಕ ಜಾರೂದಿಲ್ಲ, ಖರೆ. ಮುಂದಕ್ಕ ಇಳಿಯಾಗ ಬ್ರೇಕ್ ಎಲ್ಲೈತ್ರಿ ಸರ್?”

“ಅದು… ಇನ್ನೂ ಹಾಕಿಲ್ಲ.”

“ಹಂಗಾರ ನೀವ ಕುಂದರ್ರಿ. ಎಷ್ಟ ಓಡ್ತೈತಿ ನೋಡೂಣು.”

ಮುಖ್ಯಸ್ಥರ ಮಾತು ಮೀರುವಂತಿರಲಿಲ್ಲ. ಶಾಂತಾರಾಮ ಕೂತ. ಅನುದಾನದ ಹುರುಪಿನಲ್ಲಿದ್ದ ಖತೀಬ್ ಸಾಹೇಬರು ತಾವೇ ಬಂದು ತಳ್ಳಿದರು.