ಗೋಡೆಯಾಚೆಯ ಬಸ್‌ಸ್ಟ್ಯಾಂಡು

ಬೈಲಹೊಂಗಲದ ಹೊಸ ಲೇಔಟಿನಲ್ಲಿ ಬುರಾನಸಾಬ ಮನೆ ಕಟ್ಟಿಸಿದ್ದೇ ತಪ್ಪಾಯಿತು. ಮಾಳಿಗೆ ಹತ್ತಿದರೆ ಬಸ್‌ಸ್ಟ್ಯಾಂಡಿನ ಪಕ್ಕದ ಅವನ ಟೇಲರ್ ಅಂಗಡಿಯ ಬೋರ್ಡು ಓದಬಹುದು. ಆದರೆ ನಡುವೆ ಲೇಔಟಿನವರು ಎತ್ತಿಸಿದ ಗೋಡೆ. ಸುತ್ತಿ ಹೋಗಲು ಮೂರು ಕಿಲೋಮೀಟರ್. ಮೊಣಕಾಲು ಹಿಡಿದು ಸಾಕಾಗಿ ಅವನು ಮನೆ ಮಾರಲು ನಿಂತ. ಇವತ್ತು ಮುನವಳ್ಳಿಯ ವ್ಯಾಪಾರಿ ಶಂಕರೆಪ್ಪ ನೋಡಲು ಬರುವವನಿದ್ದ.

“ಈ ಗೋಡಿ ನೋಡಿದ್ರ ಮನಿ ಯಾರ್ ತಗೋತಾರ್ರಿ ಸಾಬರ?” ಎಂದರು ಪಕ್ಕದ ಮನೆಯ ನಿವೃತ್ತ ಮಾಸ್ತರು ಶಟ್ಟೆಪ್ಪ. “ನಾಕ್ ಕಲ್ಲ ಕಿತ್ತರ ಹಾದಿ ಆಗತೈತಿ. ನಮಗೂ ಚಲೋನ ಆತು.”

ಎದುರು ಮನೆಯ ಕೃಷ್ಣವ್ವ ಹಾರೆಯನ್ನೇ ತಂದುಕೊಟ್ಟಳು.

ಬುರಾನಸಾಬ ನಾಲ್ಕು ಕೀಳಲು ಹೋದರೆ ನಲವತ್ತು ಕಲ್ಲು ಬಿದ್ದವು. ಆಟೋ ನುಗ್ಗುವಷ್ಟು ದಾರಿಯಾಯಿತು. ಆಟೋ ನುಗ್ಗಿಯೂ ಬಿಟ್ಟಿತು. ಅದರ ಹಿಂದೆ ಬೈಕುಗಳು, ಶಾಲೆಯ ಮಕ್ಕಳು, ಎರಡು ಎಮ್ಮೆ.

ಹನ್ನೊಂದಕ್ಕೆ ಬಂದ ಶಂಕರೆಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕೈಗೆತ್ತಿಕೊಂಡ. ಕಿವಿಯ ಹತ್ತಿರವೇ ಹಾರ್ನ್ ಬಡಿಯಿತು. ಚಹಾ ಧೋತರದ ಮೇಲೆ ಚೆಲ್ಲಿತು. ಟ್ರ್ಯಾಕ್ಟರಿನವನು, “ಬಸ್‌ಸ್ಟ್ಯಾಂಡಿಗೆ ಹಾದಿ ಇದ ಏನ್ರಿ ಯಜಮಾನ್ರ?” ಎಂದು ಅವನನ್ನೇ ಕೇಳಿದ.

“ಏನ್ರಿ ಇದು, ಸಂತಿ ನಡದಂಗ ಐತಲ್ಲ!” ಶಂಕರೆಪ್ಪ ಎದ್ದ. “ಗದ್ದಲ ಇಲ್ಲದ ಜಾಗಾ ಬೇಕಂತ ಬಂದೆ ನಾ. ಇಲ್ಲೊಂದ ಗೋಡಿ ಇದ್ದಿದ್ರ ಕೇಳಿದಷ್ಟ ಕೊಟ್ಟ ತಗೋತಿದ್ದೆ.”

ಅವನು ಹೋದ ಮೇಲೆ ಬುರಾನಸಾಬ ಬಿದ್ದ ಕಲ್ಲುಗಳ ಕಡೆ ನೋಡಿದ. ಮರುಕ್ಷಣವೇ ನಗು ಬಂತು. ಅಂಗಡಿ ಈಗ ಎರಡು ನಿಮಿಷದ ದಾರಿ, ಮನೆ ಮಾರುವುದಾದರೂ ಯಾಕೆ? ಖುಷಿಯಿಂದ ಹೊಸ ಹಾದಿ ಹಿಡಿದ.

ಮಾಸ್ತರು ಅಡ್ಡ ನಿಂತರು. “ಎಲ್ಲಿಗ್ರಿ? ಗೋಡಿ ಇದ್ರ ನಮ್ಮೆಲ್ಲಾರ ಮನಿಗೂ ಕಿಮ್ಮತ್ತು, ವ್ಯಾಪಾರಿ ಅಂದದ್ದ ಕೇಳಿದಿರಲ್ಲ. ಮೊದಲ ಕಟ್ಟಿ ಹೋಗ್ರಿ.”

“ಹಾರಿ ಕೊಟ್ಟವ್ರು ನೀವಲ್ರಿ ಅಕ್ಕಾರ?” ಬುರಾನಸಾಬ ಕೃಷ್ಣವ್ವನ ಕಡೆ ತಿರುಗಿದ.

“ಕೊಟ್ಟೆ. ಹೊಡದವ್ರು ಯಾರು?”

ಲೇಔಟಿನವರೆಲ್ಲ ಸೇರಿ ಸಿಮೆಂಟು, ಉಸುಕು ತರಿಸಿದರು. ಉಸುಕು ಗೋಡೆಯ ಆಚೆ ಬಿದ್ದಿದ್ದರಿಂದ ಬುರಾನಸಾಬ ಆಚೆಯೇ ನಿಂತು ಕಟ್ಟಿದ. ಈಚೆ ಕುರ್ಚಿ ಹಾಕಿಕೊಂಡ ಮಾಸ್ತರು, “ಇನ್ನೆರಡ ಫೂಟ್ ಏರಸ್ರಿ!” ಎನ್ನುತ್ತಲೇ ಇದ್ದರು. ಸಂಜೆಗೆ ಕೊನೆಯ ಕಲ್ಲು ಕೂಡಿಸಿ, ಬೆವರೊರೆಸಿಕೊಂಡು ತಿರುಗಿದರೆ ಎದುರಿಗೆ ಬಸ್‌ಸ್ಟ್ಯಾಂಡು. ಮನೆ ಮಾತ್ರ ಗೋಡೆಯ ಆ ಕಡೆಗೆ ಉಳಿದಿತ್ತು.

ಮಾಳಿಗೆಯಿಂದ ಹೆಂಡತಿ ನೂರಬಿ ಕೂಗಿದಳು: “ಅನ್ನ ಆರಾಕತ್ತೈತಿ, ಲಗೂ ಬರ್ರಿ!”