ಪರಿಮಳದ ನೀರು

ಬಡಾವಣೆಗೆ ನೀರು ಬಿಡುವ ವಾಲ್ವಣ್ಣನ ಮೇಲೆ ಆಗಲೇ ಎರಡು ದೂರುಗಳಿದ್ದವು. ಒಂದು, ಯಾರೋ ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದಾಗ ನೀರು ನಿಲ್ಲಿಸಿದ್ದಕ್ಕೆ. ಇನ್ನೊಂದು, ಅವರು ಹಾಗೇ ಹೊರಗೆ ಬಂದು ಬೈಯುವಾಗ ನಕ್ಕಿದ್ದಕ್ಕೆ.

"ಮೂರನೇದು ಬಂತೋ, ನೇರ ಚರಂಡಿ ವಿಭಾಗ," ಎಂದರು ನೀರು ಸರಬರಾಜು ಕಚೇರಿಯ ಸಾಹೇಬರು. ಮೇಜಿನ ಮೇಲಿದ್ದ ಬಾಟಲಿಯಿಂದ ಒಂದು ಗುಟುಕು ಕುಡಿದು, ಅವನನ್ನು ನಾಲ್ಕು ಮಹಡಿಯ ಕಟ್ಟಡವೊಂದಕ್ಕೆ ಅಟ್ಟಿದರು.

ಕೆಲಸ ಸಣ್ಣದು. ಪೈಪಿನಲ್ಲಿ ಮುಂದೆ ಹೋದ ನೀರು ವಾಪಸ್ ಬರದಂತೆ ಅಲ್ಲೊಂದು ವಾಲ್ವು ಇರುತ್ತದೆ. ಅದು ನೆಟ್ಟಗಿದೆಯೇ ಎಂದು ನೋಡಬೇಕು. ಕೆಟ್ಟಿದ್ದರೆ ಯಾರೋ ಬಳಸಿದ ನೀರು ಇನ್ಯಾರದೋ ಲೋಟಕ್ಕೆ ಬೀಳುತ್ತದೆ.

ಮೂರನೇ ಮಹಡಿಯ ಅಜ್ಜಿ ಅವನನ್ನು ಬಾಗಿಲಲ್ಲೇ ಹಿಡಿದರು.

"ನೀರು ನಿಲ್ಸೋ ಮುಂಚೆ ಒಂದು ಲೋಟ ಟೀ ಕುಡೀಪ್ಪಾ. ನಮ್ಮ ನೀರಿನ ಪರಿಮಳಾನೇ ಬೇರೆ! ಆರು ವರ್ಷದಿಂದ ನಂಗೆ ಮಂಡಿನೋವೇ ಇಲ್ಲ. ನಮ್ಮ ಅಳಿಯಂದಿರು ದಿನಾ ಎರಡು ಬಾಟಲಿ ತುಂಬಿಸ್ಕೊಂಡು ಹೋಗ್ತಾರೆ."

ನಿಜಕ್ಕೂ ಗುಲಾಬಿಯ ಘಮ. ವಾಲ್ವಣ್ಣ ಇನ್ನೊಂದು ಲೋಟ ಕೇಳಿ ಕುಡಿದ.

ಕೆಳಗೆ ಬಂದು ವಾಲ್ವು ಬಿಚ್ಚಿದರೆ ಸ್ಪ್ರಿಂಗು ಮುರಿದಿತ್ತು, ರಬ್ಬರು ಒಣಗಿದ ಕಿತ್ತಳೆ ಸಿಪ್ಪೆಯಾಗಿತ್ತು. ಪೈಪಿನ ಜಾಡು ಹಿಡಿದು ಹೋದ. ಅದು ನೆಲಮಹಡಿಯ ಬ್ಯೂಟಿ ಪಾರ್ಲರಿಗೆ ಹೋಗಿ ಮುಟ್ಟಿತು. ನಲ್ಲಿಗೆ ಸಿಕ್ಕಿಸಿದ ರಬ್ಬರು ಪೈಪಿನ ತುದಿ ಒಂದು ಟಬ್ಬಿನಲ್ಲಿ ಮುಳುಗಿತ್ತು. ಟಬ್ಬಿನಲ್ಲಿ ಗುಲಾಬಿ ಎಣ್ಣೆ ಬೆರೆಸಿದ ನೀರು. ನೀರಿನಲ್ಲಿ ಇಬ್ಬರು ಹೆಂಗಸರ ನಾಲ್ಕು ಕಾಲು.

"ಯಾವಾಗಿಂದ ಹೀಗೆ, ಅಕ್ಕಾ?"

"ಆರು ವರ್ಷದಿಂದ," ಎಂದಳು ಪಾರ್ಲರಿನಾಕೆ. "ಮೇನ್ ಪೈಪಲ್ಲಿ ನೀರು ನಿಂತ್ರೆ ಸಾಕು, ಟಬ್ ತಾನಾಗೇ ಖಾಲಿ ಆಗಿಬಿಡುತ್ತೆ. ಎಷ್ಟು ಅನುಕೂಲ ಅಂತೀರಿ! ಎತ್ತಿ ಚೆಲ್ಲೋ ಕೆಲಸಾನೇ ಇಲ್ಲ."

ವಾಲ್ವಣ್ಣ ಹೊರಗೆ ಹೋಗಿ, ಕುಡಿದ ಟೀಯ ಲೋಟಕ್ಕೊಂದರಂತೆ ಎರಡು ಸಲ ಉಗಿದು ಬಂದ. ಹೊಸ ವಾಲ್ವು ಹಾಕಿದ, ಪೈಪು ತೊಳೆದ, ಇದ್ದದ್ದು ಇದ್ದಂತೆ ವರದಿ ಬರೆದ. ಅಜ್ಜಿಗೂ ಹೇಳೋಣವೆಂದು ಮೇಲೆ ಹೋದ. ಅವರು ಮೆಟ್ಟಿಲ ಮೇಲೆ ಸರಸರನೆ ಇಳಿದು ಬರುತ್ತಿದ್ದರು; ಆ ಮಂಡಿಗಳನ್ನು ನೋಡಿ, ಹೇಳದೆ ವಾಪಸ್ ಇಳಿದ.

ಸಂಜೆ ನಾಲ್ಕಕ್ಕೆ ಇಡೀ ಕಟ್ಟಡ ಅವನನ್ನು ಮುತ್ತಿಕೊಂಡಿತು.

"ಏನು ಮಾಡಿದ್ಯೋ ನಮ್ಮ ನೀರಿಗೆ? ಬರೀ ನೀರಿನ ಥರ ಇದೆ!"

"ಅದು ನೀರೇ ಅಲ್ವಾ?"

"ಉಡಾಫೆ ಬೇರೆ!" ಎಂದು ಅಜ್ಜಿ ಫೋನ್ ಎತ್ತಿಕೊಂಡರು.

ಕಚೇರಿಯಲ್ಲಿ ಸಾಹೇಬರು ಕೆಂಡವಾಗಿದ್ದರು. "ನಮ್ಮತ್ತೆ ಫೋನ್ ಮಾಡಿದ್ರು. ಅಮೃತದಂಥ ನೀರನ್ನ ಹಾಳು ಮಾಡಿದ್ಯಂತೆ. ಇದು ಮೂರನೇ ದೂರು!" ಎನ್ನುತ್ತ ಬಾಟಲಿ ಎತ್ತಿದರು.

ಆ ಬಾಟಲಿ ಎಲ್ಲಿಂದ ತುಂಬಿ ಬಂದದ್ದೆಂದು ವಾಲ್ವಣ್ಣನಿಗೆ ಈಗ ಹೊಳೆಯಿತು. "ಸಾರ್, ಕುಡೀಬೇಡಿ! ಮೊದಲು ಇದನ್ನ ಓದಿ."

ಸಾಹೇಬರು ವರದಿ ಓದಿದರು. 'ನಾಲ್ಕು ಕಾಲು' ಎಂಬಲ್ಲಿಗೆ ಬಂದಾಗ ಎದ್ದು ವಾಶ್‌ಬೇಸಿನ್ನಿಗೆ ಓಡಿದರು. ಸದ್ಯ, ಬದುಕಿದೆ ಎಂದುಕೊಂಡ ವಾಲ್ವಣ್ಣ. ಅವರು ಮುಖ ಒರೆಸಿಕೊಂಡು ಬರಲು ಹತ್ತು ನಿಮಿಷ ಹಿಡಿಯಿತು.

"ಇದು ಯಾರ್ಯಾರಿಗೆ ಗೊತ್ತು?"

"ನಮ್ಮಿಬ್ಬರಿಗೇ, ಸಾರ್."

"ಭೇಷ್. ದೂರು ರದ್ದು." ಸಾಹೇಬರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ನಾಳೆಯಿಂದ ನೀನು ಚರಂಡಿ ವಿಭಾಗ."

"ದೂರು ರದ್ದು ಅಂದ್ರಲ್ಲ ಸಾರ್!"

"ಹೌದಪ್ಪಾ, ಅದಕ್ಕೇ ಇದು ಶಿಕ್ಷೆ ಅಲ್ಲ, ಬಡ್ತಿ. ನೆಲದಿಂದ ಹತ್ತಡಿ ಕೆಳಗೆ ಕೆಲಸ. ಅಲ್ಲಿ ನಿಂಗೆ ಮಾತಾಡೋಕೆ ಯಾರೂ ಸಿಗಲ್ಲ."